ಸೋತವರಿಗೆ ಮತ ಜಾಸ್ತಿ ಬಂದದ್ದು ಹೇಗೆ? ಮಡಿಕೇರಿಯ ಬೂತ್ ಲೆಕ್ಕ ಓದುವ ಬಗೆ

ಕೊಡಗಿನ 2018 ಮತ್ತು 2023ರ ವಿಧಾನಸಭೆ ಫಲಿತಾಂಶಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 2018ರಲ್ಲಿ ಮಡಿಕೇರಿ ಕ್ಷೇತ್ರದಲ್ಲಿ ಬಿಜೆಪಿಯ ಅಪ್ಪಚ್ಚು ರಂಜನ್ ಗೆದ್ದಾಗ ಅವರಿಗೆ ಬಂದ ಮತ 70 ಸಾವಿರ ಚಿಲ್ಲರೆ. 2023ರಲ್ಲಿ ಅದು 80 ಸಾವಿರ ದಾಟಿತು. ಆದರೂ ಸೋತರು. ವಿರಾಜಪೇಟೆಯಲ್ಲೂ ಇದೇ ಕತೆ. ಕೆ.ಜಿ. ಬೋಪಯ್ಯ ಅವರಿಗೆ ಗೆದ್ದ ವರ್ಷಕ್ಕಿಂತ ಸೋತ ವರ್ಷವೇ ಸಾವಿರದೈನೂರರಷ್ಟು ಮತ ಜಾಸ್ತಿ ಬಿದ್ದಿತ್ತು. ಮಡಿಕೇರಿಯಲ್ಲಿ ಕಾಂಗ್ರೆಸ್‌ನ ಡಾ. ಮಂತರ್ ಗೌಡ, ವಿರಾಜಪೇಟೆಯಲ್ಲಿ ಎ.ಎಸ್. ಪೊನ್ನಣ್ಣ, ಇಬ್ಬರೂ ನಾಲ್ಕು ಸಾವಿರ ಚಿಲ್ಲರೆ ಅಂತರದಲ್ಲಿ ಗೆದ್ದರು.

ಫಲಿತಾಂಶ ಬಂದ ಮೇಲೆ ಎಲ್ಲರೂ ಹೇಳಿದ್ದು ಒಂದೇ ಮಾತು: ‘ಕೊಡಗು ಬದಲಾಯ್ತು.’ ಹಾಗಾದರೆ ಮತ ಯಾಕೆ ಕಡಿಮೆ ಆಗಲಿಲ್ಲ? ಮಡಿಕೇರಿಯಲ್ಲಿ ಉತ್ತರ ಬಹುಮಟ್ಟಿಗೆ ಎದುರು ಪಾಳಯದಲ್ಲಿದೆ. 2018ರಲ್ಲಿ ಜೆಡಿಎಸ್‌ಗೆ 54 ಸಾವಿರ, ಕಾಂಗ್ರೆಸ್‌ಗೆ 38 ಸಾವಿರ ಮತ ಬಂದಿತ್ತು. ಎರಡೂ ಸೇರಿದರೆ 92 ಸಾವಿರ ದಾಟುತ್ತದೆ. ಬಿಜೆಪಿಗಿಂತ ಎಷ್ಟೋ ಜಾಸ್ತಿ. ಆದರೆ ಹಂಚಿಹೋಗಿತ್ತು. 2023ರಲ್ಲಿ ಜೆಡಿಎಸ್ ಮತ ಕರಗಿತು, ಕಾಂಗ್ರೆಸ್ 84 ಸಾವಿರ ದಾಟಿತು. ಜನರ ಮನಸ್ಸು ಎಷ್ಟು ತಿರುಗಿತೋ, ಮತ ಎಷ್ಟು ಒಂದು ಕಡೆ ಸೇರಿತೋ, ಯಾರು ಮನೆಯಲ್ಲೇ ಉಳಿದರೋ, ಯಾರು ಹೊಸದಾಗಿ ಬಂದರೋ, ಈ ನಾಲ್ಕೂ ಸೇರಿ ಆ ಒಂದು ಫಲಿತಾಂಶ. ಇದನ್ನು ಬಿಡಿಸಿ ನೋಡದೆ ‘ಒಲವು’ ಅನ್ನೋ ಪದ ಬಳಸಿದರೆ ಏನೂ ಹೇಳಿದ ಹಾಗೆ ಆಗಲ್ಲ.

ಕ್ಷೇತ್ರದ ಮಟ್ಟದಲ್ಲೇ ಇಷ್ಟು ಗೋಜಲಾದರೆ ಒಂದು ಬಡಾವಣೆಯ ಮಟ್ಟದಲ್ಲಿ ಕೇಳಬೇಕಾ? ಆದರೆ ನಮ್ಮಲ್ಲಿ ಹೆಚ್ಚು ಧೈರ್ಯದ ಮಾತು ಬರೋದು ಅಲ್ಲೇ. ‘ದೇಚೂರು ನಮ್ಮದು’, ‘ಮಹದೇವಪೇಟೆಯಲ್ಲಿ ಅವರಿಗೇ ಲೀಡ್’, ‘ಆ ಕಾಲೋನಿಯವರು ಯಾರೂ ಬೂತ್ ಕಡೆ ತಲೆ ಹಾಕಲ್ಲ’. ಈ ಮಾತುಗಳು ಎಲ್ಲಿಂದ ಹುಟ್ಟುತ್ತವೆ, ಅವುಗಳಲ್ಲಿ ಎಷ್ಟನ್ನು ನಂಬಬಹುದು ಅಂತ ನೋಡೋಣ.

ಮೊದಲು ಅಂಕಿ ಬರುವ ದಾರಿ. ಮತಗಟ್ಟೆಯಲ್ಲಿ ಸಂಜೆ ಮತದಾನ ಮುಗಿದ ಮೇಲೆ ಅಧಿಕಾರಿ ನಮೂನೆ 17ಸಿ ಅನ್ನೋ ಹಾಳೆ ತುಂಬುತ್ತಾರೆ. ಪಟ್ಟಿಯಲ್ಲಿ ಎಷ್ಟು ಹೆಸರು, ಯಂತ್ರದಲ್ಲಿ ಎಷ್ಟು ಮತ ದಾಖಲಾಯಿತು ಅಂತ ಅದರಲ್ಲಿ ಇರುತ್ತದೆ. ಪಕ್ಷಗಳ ಏಜೆಂಟರಿಗೆ ಅದರ ಪ್ರತಿ ಸಿಗುತ್ತದೆ. ಎಣಿಕೆ ಆದ ಮೇಲೆ ಬರೋದು ನಮೂನೆ 20. ಯಾವ ಬೂತ್‌ನಲ್ಲಿ ಯಾವ ಅಭ್ಯರ್ಥಿಗೆ ಎಷ್ಟು ಅನ್ನೋ ಪೂರ್ತಿ ಕೋಷ್ಟಕ ಅದು. ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ನೋಡುವವರು ಕಡಿಮೆ, ಅಷ್ಟೇ.

ಒಂದು ಬೂತ್ ಅಂದರೆ ಎಷ್ಟು ಜನ? ಇಷ್ಟು ದಿನ ಹೆಚ್ಚೆಂದರೆ 1,500 ಮತದಾರರು ಅನ್ನೋ ಮಿತಿ ಇತ್ತು. 2025ರಲ್ಲಿ ಆಯೋಗ ಅದನ್ನು 1,200ಕ್ಕೆ ಇಳಿಸಲು ತೀರ್ಮಾನಿಸಿತು. ಮಡಿಕೇರಿಯಂಥ ಊರಲ್ಲಿ ಇದು ನಾಲ್ಕೈದು ಬೀದಿಯ ಲೆಕ್ಕ. 2011ರ ಜನಗಣತಿ ಪ್ರಕಾರ ಇಡೀ ಪಟ್ಟಣದ ಜನಸಂಖ್ಯೆ 33,381. ಬೆಂಗಳೂರಿನ ಒಂದು ದೊಡ್ಡ ವಾರ್ಡ್‌ಗೂ ಸಾಲದು. ಹಾಗಾಗಿ ನಮ್ಮಲ್ಲಿ ಬೂತ್ ಲೆಕ್ಕ ಅಂದರೆ ಹೆಚ್ಚುಕಮ್ಮಿ ಮುಖ ಗೊತ್ತಿರುವ ಜನರ ಲೆಕ್ಕ.

ಈಗ ಶೇಕಡಾವಾರಿಗೆ ಬರೋಣ. ಜನ ಜಾಸ್ತಿ ಎಡವೋದು ಇಲ್ಲೇ.

‘ಈ ಬೂತ್‌ನಲ್ಲಿ ಶೇ 65 ಮತದಾನ’ ಅಂದರೆ ಬಿದ್ದ ಮತವನ್ನು ಪಟ್ಟಿಯಲ್ಲಿರುವ ಹೆಸರುಗಳಿಂದ ಭಾಗಿಸಿದ್ದು. ಅಲ್ಲಿ ವಾಸವಿರುವ ಜನರಿಂದ ಅಲ್ಲ. ಪಟ್ಟಿಗೂ ಬೀದಿಗೂ ವ್ಯತ್ಯಾಸ ಇರುತ್ತದೆ. ಒಂದು ಲೆಕ್ಕ ಕಟ್ಟಿ ನೋಡಿ. ಪಟ್ಟಿಯಲ್ಲಿ 1,000 ಹೆಸರು. ಅದರಲ್ಲಿ 40 ಜನ ತೀರಿಕೊಂಡಿದ್ದಾರೆ, ಹೆಸರು ತೆಗೆದಿಲ್ಲ. 110 ಜನ ಊರು ಬಿಟ್ಟಿದ್ದಾರೆ: ಮದುವೆಯಾಗಿ ಹೋದ ಹೆಣ್ಣುಮಕ್ಕಳು, ವರ್ಗವಾದ ನೌಕರರು, ಮನೆ ಖಾಲಿ ಮಾಡಿದ ಬಾಡಿಗೆದಾರರು. 30 ಹೆಸರು ಎರಡೆರಡು ಸಲ ಇವೆ. ಅಂದರೆ ನಿಜವಾಗಿ ಬರಬಹುದಾದವರು 820. ಮತ ಹಾಕಿದವರು 656. ಕಾಗದದ ಮೇಲೆ ಶೇ 65.6. ಬೀದಿಯ ಲೆಕ್ಕದಲ್ಲಿ ಶೇ 80! ‘ಪೇಟೆಯವರಿಗೆ ಜವಾಬ್ದಾರಿ ಇಲ್ಲ’ ಅಂತ ಬೈಯುವ ಮೊದಲು ಪಟ್ಟಿಯನ್ನು ಕೊನೆಯ ಸಲ ಯಾವಾಗ ಸರಿ ಮಾಡಿದರು ಅಂತ ಕೇಳಬೇಕು, ಅಲ್ವಾ?

ಹಳ್ಳಿಯಲ್ಲಿ ಈ ತಪ್ಪು ಕಡಿಮೆ. ಅಂಗನವಾಡಿ ಟೀಚರೇ ಎಷ್ಟೋ ಕಡೆ ಮತದಾರರ ಪಟ್ಟಿ ನೋಡಿಕೊಳ್ಳುವ ಬೂತ್ ಮಟ್ಟದ ಅಧಿಕಾರಿ, ಅಂದರೆ ಬಿಎಲ್‌ಒ. ಯಾರ ಮನೆಯಲ್ಲಿ ಯಾರು ತೀರಿಕೊಂಡರು ಅಂತ ಅವರಿಗೆ ಹೇಳಬೇಕಾಗಿಲ್ಲ. ಪೇಟೆಯ ಬಾಡಿಗೆ ಮನೆಗಳ ಬಾಗಿಲು ಅವರು ಬಂದಾಗ ಹಾಕಿರುತ್ತದೆ. ಪಕ್ಕದವರಿಗೂ ಗೊತ್ತಿರಲ್ಲ. ಹೆಸರು ತೆಗೆಯಲು ನಮೂನೆ 7, ವಿಳಾಸ ಬದಲಿಸಲು ನಮೂನೆ 8 ಇದೆ. ಮನೆ ಬದಲಿಸಿದಾಗ ಗ್ಯಾಸ್ ಬುಕ್, ಮಕ್ಕಳ ಶಾಲೆ ಎಲ್ಲ ನೆನಪಾಗುತ್ತದೆ, ಇದು ಮಾತ್ರ ನೆನಪಾಗಲ್ಲ.

ಕೊಡಗಿನಲ್ಲಿ ಇದಕ್ಕೆ ಇನ್ನೊಂದು ಸುತ್ತು ಇದೆ. ಕೆಲಸ ಬೆಂಗಳೂರಿನಲ್ಲೋ ಮೈಸೂರಿನಲ್ಲೋ. ಹೆಸರು ಮಾತ್ರ ಊರಿನ ಪಟ್ಟಿಯಲ್ಲಿ. ‘ಐನ್‌ಮನೆ (ಮನೆತನದ ಮೂಲ ಮನೆ) ಇಲ್ಲೇ ಇದೆ, ತೋಟ ಇಲ್ಲೇ ಇದೆ, ವೋಟ್ ಇನ್ನೆಲ್ಲಿ ಇರಬೇಕು?’ ಅಂತ ಕೇಳ್ತಾರೆ. ಭಾವನೆ ಸರಿ. ಆದರೆ ಕಾನೂನು ಬೇರೆ ಹೇಳುತ್ತದೆ. 1950ರ ಜನಪ್ರತಿನಿಧಿ ಕಾಯ್ದೆಯ 20ನೇ ಕಲಂ ಪ್ರಕಾರ ಒಂದು ಕಡೆ ಮನೆ ಇದೆ ಅನ್ನೋ ಒಂದೇ ಕಾರಣಕ್ಕೆ ಅಲ್ಲಿಯ ನಿವಾಸಿ ಅಂತ ಆಗಲ್ಲ. ಹಾಗೆಯೇ ತಾತ್ಕಾಲಿಕವಾಗಿ ಹೊರಗೆ ಹೋದರು ಅಂತ ನಿವಾಸಿ ಅಲ್ಲ ಅಂತಲೂ ಆಗಲ್ಲ. ‘ತಾತ್ಕಾಲಿಕ’ ಅಂದರೆ ಎಷ್ಟು ವರ್ಷ ಅನ್ನೋದರಲ್ಲಿ ಎಲ್ಲರೂ ತಮಗೆ ಬೇಕಾದ ಅರ್ಥ ಮಾಡಿಕೊಂಡಿದ್ದೇವೆ. ಪರಿಣಾಮ ಏನು? ಪುತ್ತರಿ ಹಬ್ಬಕ್ಕೆ ತಪ್ಪದೆ ಬರುವ ಮಕ್ಕಳು ಚುನಾವಣೆಗೂ ಬಂದರೆ ಬೂತ್‌ನ ಪ್ರಮಾಣ ಏರುತ್ತದೆ, ಬಸ್ ಟಿಕೆಟ್ ಸಿಗದಿದ್ದರೆ ಇಳಿಯುತ್ತದೆ. ಊರಲ್ಲಿ ವಾಸವಿರುವವರು ಎಂದಿನಂತೆ ಮತ ಹಾಕಿದ್ದರೂ ಸಹ.

ಇದರ ಉಲ್ಟಾ ಕೂಡ ಇದೆ. ತೋಟಗಳ ಲೈನ್ ಮನೆಗಳಲ್ಲಿ, ಪೇಟೆಯ ಹೋಟೆಲುಗಳ ಅಡುಗೆಮನೆಯಲ್ಲಿ, ಕಟ್ಟಡ ಕೆಲಸದಲ್ಲಿ ಇರುವ ಅಸ್ಸಾಂ, ಪಶ್ಚಿಮ ಬಂಗಾಳದ ಕಾರ್ಮಿಕರು ಇಲ್ಲೇ ಬದುಕುತ್ತಾರೆ. ಅವರಲ್ಲಿ ಹೆಚ್ಚಿನವರ ಹೆಸರು ಇಲ್ಲಿಯ ಪಟ್ಟಿಯಲ್ಲಿ ಇರಲ್ಲ. ಬಡಾವಣೆಯ ಜನ ಅವರು, ಆದರೆ ಬಡಾವಣೆಯ ‘ಒಲವಿನಲ್ಲಿ’ ಅವರ ಪಾಲು ಸೊನ್ನೆ.

2018ರ ಆಗಸ್ಟ್‌ನ ಭೂಕುಸಿತವನ್ನೂ ಇಲ್ಲಿ ನೆನೆಯಬೇಕು. ಮಡಿಕೇರಿಯ ಇಂದಿರಾ ನಗರ, ಚಾಮುಂಡೇಶ್ವರಿ ನಗರ, ಮಂಗಳಾದೇವಿ ನಗರದ ಇಳಿಜಾರಿನಲ್ಲಿ ಮನೆ ಕಳೆದುಕೊಂಡವರು, ಬಿರುಕು ಬಿಟ್ಟ ಮನೆ ತೊರೆದವರು ಇದ್ದಾರೆ. ಮನೆಯೇ ಇಲ್ಲದ ಮೇಲೆ ವೋಟರ್ ಲಿಸ್ಟ್ ಯಾರ ತಲೆಯಲ್ಲಿ ಇರುತ್ತದೆ? ಹೀಗೆ ಜನ ಚದುರಿದ ಕಡೆ ಹೆಸರು ಹಳೆ ಬೂತ್‌ನಲ್ಲೇ ಉಳಿದರೆ ಆ ಬೂತ್‌ನ ಪ್ರಮಾಣ ಬೀಳುತ್ತದೆ. ನೋಡುವವರಿಗೆ ‘ಅಲ್ಲಿ ಉತ್ಸಾಹ ಇಲ್ಲ’ ಅನ್ನಿಸುತ್ತದೆ. ಉತ್ಸಾಹಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಇನ್ನು ಪ್ರಮಾಣ ಮತ್ತು ಒಲವು ಒಂದಕ್ಕೊಂದು ಹೇಗೆ ಅಂಟಿಕೊಂಡಿವೆ ಅನ್ನೋದು. ಮತ್ತೆ 1,000 ಹೆಸರಿನ ಒಂದು ಬೂತ್ ಇಟ್ಟುಕೊಳ್ಳಿ. ಮೊದಲ ಚುನಾವಣೆಯಲ್ಲಿ 700 ಜನ ಬಂದರು. ‘ಅ’ ಪಕ್ಷಕ್ಕೆ 380, ‘ಬ’ ಪಕ್ಷಕ್ಕೆ 320. ‘ಅ’ಗೆ 60ರ ಲೀಡ್. ಮುಂದಿನ ಚುನಾವಣೆ ಹೊತ್ತಿಗೆ ಒಬ್ಬರೂ ಮನಸ್ಸು ಬದಲಿಸಿಲ್ಲ ಅಂದುಕೊಳ್ಳಿ. ಆದರೆ ‘ಅ’ ಕಡೆಯ 60 ಜನ ಬರಲಿಲ್ಲ. ಮೇ ತಿಂಗಳು, ಮದುವೆ ಸೀಸನ್. ಕೆಲವರಿಗೆ ಅಭ್ಯರ್ಥಿ ಮೇಲೆ ಸಿಟ್ಟು, ಆದರೆ ಎದುರಿನವರಿಗೆ ಹಾಕಲು ಮನಸ್ಸಿಲ್ಲ. ‘ಬ’ ಕಡೆಯ 320 ಜನ ಬಂದರು, ಹಿಂದಿನ ಸಲ ಬಾರದ 20 ಜನರೂ ಬಂದರು. ಈಗ ‘ಅ’ 320, ‘ಬ’ 340. ಲೀಡ್ ತಿರುಗಿತು. ಮತದಾನ ಶೇ 70ರಿಂದ 66ಕ್ಕೆ ಇಳಿಯಿತು, ಬರೀ ನಾಲ್ಕು ಅಂಶ. ಎಲ್ಲರೂ ‘ಆ ಬಡಾವಣೆ ಪಕ್ಷ ಬದಲಿಸಿತು’ ಅಂತಾರೆ. ಪಕ್ಷ ಬದಲಿಸಿದವರ ಸಂಖ್ಯೆ ಎಷ್ಟು? ಸೊನ್ನೆ.

ಉಲ್ಟಾ ಪಲ್ಟಾ ಮಾಡಿ ನೋಡಿ. ‘ಅ’ದಿಂದ ‘ಬ’ಗೆ 120 ಜನ ಹೋದರು, ‘ಬ’ದಿಂದ ‘ಅ’ಗೆ ಅಷ್ಟೇ ಜನ ಬಂದರು. ನಮೂನೆ 20ರಲ್ಲಿ ಒಂದು ಅಂಕಿಯೂ ಕದಲಲ್ಲ. ‘ಇದು ಭದ್ರಕೋಟೆ’ ಅಂತ ಪಕ್ಷದವರು ನಿದ್ದೆ ಮಾಡ್ತಾರೆ. ಒಳಗೆ ಮೂರನೇ ಒಂದು ಭಾಗ ಜನ ಅಲ್ಲಿಂದಿಲ್ಲಿಗೆ ಓಡಾಡಿದ್ದು ಯಾರಿಗೂ ಕಾಣಲ್ಲ.

ಪಕ್ಷದ ಕೆಲಸ ಬಲ್ಲವರಿಗೆ ಇದು ಚೆನ್ನಾಗಿ ಗೊತ್ತು. ಅವರು ಟಿವಿ ಚರ್ಚೆ ನೋಡಲ್ಲ, ಪಟ್ಟಿ ನೋಡ್ತಾರೆ. ಮತದಾನದ ದಿನ ಬೂತ್ ಒಳಗೆ ಕೂತ ಏಜೆಂಟ್ ಬಂದವರ ಹೆಸರಿಗೆ ಗೀಟು ಹಾಕುತ್ತಾ ಹೋಗುತ್ತಾನೆ. 200 ಮೀಟರ್ ಆಚೆ ಪಕ್ಷದ ಟೇಬಲ್, ಎರಡು ಕುರ್ಚಿ, ಸ್ಲಿಪ್ ಕಟ್ಟು. ಮಧ್ಯಾಹ್ನ ಆದ ಮೇಲೆ ಅಲ್ಲಿ ನಡೆಯುವ ಮಾತು ಕೇಳಬೇಕು. ‘ಮೇಲಿನ ಲೈನ್‌ನವರು ಬಂದ್ರಾ?’ ‘ಅಜ್ಜಿ ಒಬ್ರು ಬಾಕಿ, ಮಗ ಕರ್ಕೊಂಡು ಬರ್ತಾನಂತೆ.’ ‘ಮಳೆ ಬರೋ ಹಾಗಿದೆ, ಬೇಗ ಫೋನ್ ಮಾಡು.’ ಇಲ್ಲಿ ಯಾರ ಮನಸ್ಸನ್ನೂ ಬದಲಿಸುವ ಪ್ರಯತ್ನ ಇಲ್ಲ. ತಮ್ಮವರು ಅಂತ ಅಂದುಕೊಂಡವರನ್ನು ಮನೆಯಿಂದ ಹೊರಡಿಸುವ ಪ್ರಯತ್ನ ಅಷ್ಟೇ. (ಪಕ್ಷದವರು ಜೀಪು, ಆಟೊ ಬಾಡಿಗೆಗೆ ಹಿಡಿದು ಮತದಾರರನ್ನು ಕರೆತರುವುದು 1951ರ ಕಾಯ್ದೆಯಲ್ಲಿ ಭ್ರಷ್ಟ ಆಚರಣೆ. ಇದನ್ನು ಎಷ್ಟು ಜನ ಪಾಲಿಸ್ತಾರೆ ಅನ್ನೋದು ನಿಮಗೇ ಗೊತ್ತು.)

ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ಮಳೆ ನಮ್ಮಲ್ಲಿ ಬೇರೆಯೇ ಒಂದು ಪಕ್ಷ. ಅದಕ್ಕೇ ಮಡಿಕೇರಿಯಲ್ಲಿ ತಿಳಿದವರು ಬೆಳಿಗ್ಗೆಯೇ ಹೋಗಿ ಹಾಕಿ ಬರ್ತಾರೆ. ಮಧ್ಯಾಹ್ನದವರೆಗಿನ ಪ್ರಮಾಣ ನೋಡಿ ‘ಈ ಸಲ ದಾಖಲೆ’ ಅಂತ ಬರೆಯುವವರು ಸಂಜೆವರೆಗೆ ತಾಳ್ಮೆ ಇಟ್ಟುಕೊಳ್ಳೋದು ಒಳ್ಳೇದು.

ಬೂತ್ ಕೋಷ್ಟಕದಲ್ಲಿ ಕಾಣದ ಒಂದು ಗುಂಪು ಕೊಡಗಿನಲ್ಲಿ ಬೇರೆ ಕಡೆಗಿಂತ ಮುಖ್ಯ. ಸೈನಿಕರು. ಕಾರ್ಯಪ್ಪ, ತಿಮ್ಮಯ್ಯ ಅವರ ಜಿಲ್ಲೆಯಲ್ಲಿ ಇವತ್ತಿಗೂ ಸೇನೆಯಲ್ಲಿ ಇರುವವರು ಬಹಳ. ಅವರಿಗೆ ಸೇವಾ ಮತದಾರರು ಅಂತ ಪಟ್ಟಿಯ ಕೊನೆಯಲ್ಲಿ ಪ್ರತ್ಯೇಕ ಭಾಗ ಇರುತ್ತದೆ. ಜೊತೆಯಲ್ಲೇ ವಾಸಿಸುವ ಪತ್ನಿಯ ಹೆಸರೂ ಅಲ್ಲಿ ಸೇರಬಹುದು. ಮತಪತ್ರ ಆನ್‌ಲೈನ್‌ನಲ್ಲಿ ಹೋಗುತ್ತದೆ, ಅವರು ಇಳಿಸಿಕೊಂಡು ಗುರುತು ಹಾಕಿ ಅಂಚೆಯಲ್ಲಿ ಕಳಿಸುತ್ತಾರೆ. ಆ ಮತಗಳು ಕ್ಷೇತ್ರದ ಅಂಚೆ ಮತಗಳ ಜೊತೆ ಎಣಿಕೆಯಾಗುತ್ತವೆ, ಯಾವ ಬೂತ್‌ಗೂ ಸೇರಲ್ಲ. 2024ರಲ್ಲಿ 85 ದಾಟಿದವರು, ಶೇ 40ಕ್ಕಿಂತ ಕಡಿಮೆ ಇಲ್ಲದ ಅಂಗವೈಕಲ್ಯ ಇರುವವರು ಮನೆಯಲ್ಲೇ ಹಾಕಿದ ಮತಗಳೂ ಹಾಗೆಯೇ. ಒಂದು ಬೀದಿಯಲ್ಲಿ ಮೂರು ಮನೆ ಸೈನಿಕರದ್ದು, ಎರಡು ಮನೆಯಲ್ಲಿ ವಯಸ್ಸಾದವರು ಅಂದುಕೊಳ್ಳಿ. ‘ಆ ಬೀದಿಯ ಒಲವು’ ಅಂತ ನಾವು ಓದುವ ಅಂಕಿಯಲ್ಲಿ ಅವರು ಯಾರೂ ಇಲ್ಲ. ನಿವೃತ್ತರಾಗಿ ಬಂದವರು ಮಾತ್ರ ಎಲ್ಲರ ಹಾಗೆ ಸಾಲಿನಲ್ಲಿ ನಿಂತು ಹಾಕ್ತಾರೆ.

ಪೇಟೆಯಲ್ಲಿ ಮತದಾನ ಕಡಿಮೆ ಅನ್ನೋದು ಇದೆಲ್ಲ ಕಳೆದ ಮೇಲೂ ನಿಜವೇ. 2024ರ ಲೋಕಸಭೆ ಚುನಾವಣೆಯಲ್ಲಿ ಮಂಡ್ಯದಲ್ಲಿ ಶೇ 81 ದಾಟಿತು, ಬೆಂಗಳೂರು ದಕ್ಷಿಣದಲ್ಲಿ ಶೇ 53ರ ಆಸುಪಾಸಿನಲ್ಲೇ ನಿಂತಿತು. ಇಷ್ಟು ದೊಡ್ಡ ಅಂತರಕ್ಕೆ ಪಟ್ಟಿಯ ತಪ್ಪು ಒಂದೇ ಕಾರಣ ಆಗಲಾರದು. ಹಳ್ಳಿಯಲ್ಲಿ ವೋಟ್ ಹಾಕದಿದ್ದರೆ ಯಾರಾದರೂ ಕೇಳ್ತಾರೆ. ಪೇಟೆಯಲ್ಲಿ ಯಾರೂ ಕೇಳಲ್ಲ. 2023ರಲ್ಲಿ ಮತದಾನ ಬುಧವಾರಕ್ಕೆ ಇಟ್ಟದ್ದೇ ಜನ ರಜೆ ಸೇರಿಸಿಕೊಂಡು ಊರು ಬಿಡದಿರಲಿ ಅಂತ. 2024ರಲ್ಲಿ ಏಪ್ರಿಲ್ 26 ಶುಕ್ರವಾರ ಬಂತು. ಶುಕ್ರವಾರದ ಜೊತೆ ಶನಿವಾರ, ಭಾನುವಾರ ಸೇರಿದರೆ ಬೆಂಗಳೂರಿನ ಕಾರುಗಳು ಯಾವ ಕಡೆ ಮುಖ ಮಾಡ್ತವೆ ಅಂತ ಕುಶಾಲನಗರ ದಾಟಿ ಬರುವ ರಸ್ತೆಯವರಿಗೆ ಹೇಳಿಕೊಡಬೇಕಾಗಿಲ್ಲ. ಮಡಿಕೇರಿ ಹಳ್ಳಿಗೂ ದೊಡ್ಡ ಪೇಟೆಗೂ ನಡುವಿನ ಊರು. ಹೆಸರಿಗೆ ನಗರಸಭೆ, ಆದರೆ ಪರಿಚಯದ ಕಣ್ಣು ತಪ್ಪಿಸಿಕೊಳ್ಳೋದು ಇಲ್ಲಿ ಕಷ್ಟ.

ಒಂದೇ ಬಡಾವಣೆ ಬೇರೆ ಬೇರೆ ಚುನಾವಣೆಗೆ ಬೇರೆ ಮುಖ ತೋರಿಸುತ್ತದೆ. ಮಡಿಕೇರಿ ನಗರಸಭೆಗೆ 2021ರಲ್ಲಿ ಚುನಾವಣೆ ನಡೆದಾಗ 23 ವಾರ್ಡ್‌ಗಳಲ್ಲಿ ಬಿಜೆಪಿಗೆ 16, ಎಸ್‌ಡಿಪಿಐಗೆ 5, ಕಾಂಗ್ರೆಸ್‌ಗೆ 1, ಜೆಡಿಎಸ್‌ಗೆ 1 ಬಂತು. ಎರಡೇ ವರ್ಷಕ್ಕೆ ಕ್ಷೇತ್ರ ಕಾಂಗ್ರೆಸ್ ಪಾಲಾಯಿತು. ಮತ್ತೆ ಒಂದೇ ವರ್ಷದಲ್ಲಿ, 2024ರ ಲೋಕಸಭೆಯಲ್ಲಿ, ಕೊಡಗಿನ ಎರಡೂ ವಿಧಾನಸಭಾ ಕ್ಷೇತ್ರಗಳಲ್ಲಿ ಬಿಜೆಪಿಯ ಯದುವೀರ್ ಅವರಿಗೆ ಮುನ್ನಡೆ. ಮೂರು ವರ್ಷದಲ್ಲಿ ಜನ ಎರಡು ಸಲ ಮನಸ್ಸು ಬದಲಿಸಿದರಾ? ಹಾಗೆ ಓದಬಾರದು. ಮೊದಲನೆಯದಾಗಿ ಮಡಿಕೇರಿ ಪೇಟೆ ಮಡಿಕೇರಿ ಕ್ಷೇತ್ರ ಅಲ್ಲ. ಕ್ಷೇತ್ರದಲ್ಲಿ ಎರಡು ಲಕ್ಷಕ್ಕೂ ಜಾಸ್ತಿ ಮತದಾರರು, ಸೋಮವಾರಪೇಟೆ, ಕುಶಾಲನಗರ ಎಲ್ಲ ಸೇರಿ. ಪೇಟೆ ಅದರಲ್ಲಿ ಚಿಕ್ಕ ತುಂಡು. ಎರಡನೆಯದು, 16 ವಾರ್ಡ್ ಗೆದ್ದರು ಅಂದರೆ ಅಷ್ಟೇ ಪಾಲು ಮತ ಬಂತು ಅಂತ ಅಲ್ಲ. ವಾರ್ಡ್‌ನಲ್ಲಿ ಮೂವರು ನಾಲ್ವರು ನಿಂತಾಗ ನೂರಿನ್ನೂರು ಮತದಲ್ಲಿ ಆಟ ಮುಗಿಯುತ್ತದೆ. ವಾರ್ಡ್ ಗಡಿ ಬೇರೆ, ವಿಧಾನಸಭೆಯ ಬೂತ್ ಗಡಿ ಬೇರೆ. ನಡೆಸುವ ಆಯೋಗಗಳೂ ಬೇರೆ: ನಗರಸಭೆಗೆ ರಾಜ್ಯದ್ದು, ವಿಧಾನಸಭೆಗೆ ದೇಶದ್ದು. ಮೀಸಲಾತಿ ಬದಲಾದರೆ ಹೋದ ಸಲದ ಅಭ್ಯರ್ಥಿ ಈ ಸಲ ಆ ವಾರ್ಡ್‌ನಲ್ಲಿ ನಿಲ್ಲೋಕೇ ಆಗಲ್ಲ.

ಮತ್ತೆ ಆ 2021ರ ಮತದಾನದ ದಿನ ನೆನಪಿದೆಯಾ? ಏಪ್ರಿಲ್ 27. ಕೋವಿಡ್ ಎರಡನೇ ಅಲೆಯ ನಡುವೆ. ಅದೇ ರಾತ್ರಿ 9ರಿಂದ ರಾಜ್ಯದಲ್ಲಿ 14 ದಿನದ ಕರ್ಫ್ಯೂ ಶುರು. ಆ ದಿನದ ಪ್ರಮಾಣವನ್ನು ಬೇರೆ ಯಾವ ವರ್ಷದ ಜೊತೆ ಇಟ್ಟು ನೋಡಿದರೂ ತಪ್ಪೇ.

ವಿಷಯ ಬದಲಾದರೆ ಗುಂಪೂ ಬದಲಾಗುತ್ತದೆ ಅನ್ನೋದಕ್ಕೆ ನಮ್ಮಲ್ಲೇ ಹಳೆಯ ಉದಾಹರಣೆ ಇದೆ. 1952ರಲ್ಲಿ ಕೊಡಗು ಇನ್ನೂ ಪ್ರತ್ಯೇಕ ರಾಜ್ಯ. 24 ಸ್ಥಾನದ ವಿಧಾನಸಭೆ. ಕಾಂಗ್ರೆಸ್ 15, ಪಕ್ಷೇತರರು 9. ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ. ಆಗ ಜನ ಹಂಚಿಹೋಗಿದ್ದು ಈಗಿನ ಪಕ್ಷಗಳ ಹೆಸರಿನಲ್ಲಿ ಅಲ್ಲ. ಮೈಸೂರಿಗೆ ಸೇರಬೇಕೋ ಬೇಡವೋ ಅನ್ನೋ ಪ್ರಶ್ನೆಯಲ್ಲಿ. ಬೇಡ ಅಂದ ಪಂದ್ಯಂಡ ಬೆಳ್ಳಿಯಪ್ಪನವರ ಬಣಕ್ಕೆ ತಕ್ಕಡಿ ಪಕ್ಷ ಅಂತಲೇ ಹೆಸರು. 1956ರ ನವೆಂಬರ್ 1ಕ್ಕೆ ಕೊಡಗು ಮೈಸೂರಿಗೆ ಸೇರಿತು. ಆ ಪ್ರಶ್ನೆ ಮುಗಿಯಿತು, ಆ ಗುಂಪುಗಳೂ ಕರಗಿದವು. ‘ಈ ಊರು ಮೊದಲಿಂದ ಹೀಗೇ’ ಅನ್ನುವವರು ‘ಮೊದಲು’ ಅಂದರೆ ಯಾವಾಗಿಂದ ಅಂತ ಹೇಳಬೇಕು.

ಕೊನೆಗೆ ಎಲ್ಲಕ್ಕಿಂತ ಅಪಾಯದ ತಪ್ಪು. ಬೂತ್ ಲೆಕ್ಕದಿಂದ ವ್ಯಕ್ತಿಯ ಮತ ಊಹಿಸೋದು. ಮಡಿಕೇರಿಯ ಒಂದು ಬೀದಿಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು, ಬ್ಯಾರಿ, ಕನ್ನಡ ಎಲ್ಲ ಕೇಳಿಸುತ್ತದೆ. ಒಂದು ಪಕ್ಷಕ್ಕೆ ಶೇ 60 ಬಂದರೆ ತಕ್ಷಣ ‘ಇಂಥವರು ಹಾಕಿದ್ದು, ಇಂಥವರು ಹಾಕಿಲ್ಲ’ ಅಂತ ಶುರುವಾಗುತ್ತದೆ. ಆ ಹಾಳೆಯಲ್ಲಿ ಜಾತಿ ಇಲ್ಲ, ಧರ್ಮ ಇಲ್ಲ, ವಯಸ್ಸು ಇಲ್ಲ, ಗಂಡು ಹೆಣ್ಣು ಅನ್ನೋದೂ ಇಲ್ಲ. ಬರೀ ಮೊತ್ತ ಇದೆ. ಬೀದಿಯಲ್ಲಿ ಯಾರು ಜಾಸ್ತಿ ಇದ್ದಾರೆ ಅನ್ನೋದನ್ನು ಯಾರಿಗೆ ಜಾಸ್ತಿ ಬಂತು ಅನ್ನೋದಕ್ಕೆ ಗಂಟು ಹಾಕೋದು ನಾವು. ಒಂದೇ ಮನೆಯ ಊಟದ ಮೇಜಿನಲ್ಲಿ ಎರಡು ಪಕ್ಷ ಇರೋದು ಕೊಡಗಿನಲ್ಲಿ ಹೊಸದೇನೂ ಅಲ್ಲ.

ಊಹೆ ಊಹೆಯಾಗಿ ಉಳಿದರೆ ಪರವಾಗಿಲ್ಲ. ಆದರೆ ರಸ್ತೆಗೆ ಡಾಂಬರು ಕೇಳಲು ಹೋದಾಗ ‘ನಿಮ್ಮ ಬೂತ್‌ನಲ್ಲಿ ಎಷ್ಟು ಬಂತು ನೋಡಿದ್ದೇವೆ’ ಅನ್ನೋ ಉತ್ತರ ಬಂದರೆ ಆ ಕೋಷ್ಟಕ ಬೇರೆಯೇ ಕೆಲಸ ಮಾಡುತ್ತಿದೆ ಅಂತ ಅರ್ಥ. ಕಾಗದದ ಮತಪತ್ರದ ಕಾಲದಲ್ಲಿ ಹಲವು ಬೂತ್‌ಗಳ ಮತಪತ್ರ ಬೆರೆಸಿ ಎಣಿಸುವ ಅವಕಾಶ ಇತ್ತು. ಯಾವ ಬೀದಿ ಯಾರಿಗೆ ಹಾಕಿತು ಅಂತ ಆಗ ತಿಳಿಯುತ್ತಿರಲಿಲ್ಲ. ಯಂತ್ರ ಬಂದ ಮೇಲೆ ಬೂತ್‌ಬೂತ್‌ಗೂ ಬೇರೆ ಲೆಕ್ಕ ಸಿಗತೊಡಗಿತು. ಹಲವು ಯಂತ್ರಗಳ ಮತವನ್ನು ಒಟ್ಟಿಗೆ ಕೂಡಿಸಿ ತೋರಿಸುವ ಟೋಟಲೈಸರ್ ಅನ್ನೋ ಉಪಕರಣ ಬಳಸೋಣ ಅಂತ ಚುನಾವಣಾ ಆಯೋಗ 2008ರಲ್ಲೇ ಹೇಳಿತ್ತು. 2015ರಲ್ಲಿ ಕಾನೂನು ಆಯೋಗವೂ ಅದನ್ನೇ ಶಿಫಾರಸು ಮಾಡಿತು. ಇನ್ನೂ ಜಾರಿಗೆ ಬಂದಿಲ್ಲ. ಬಂದರೆ ಬೂತ್ ಲೆಕ್ಕ ಹಿಡಿದು ಇಂಥ ಲೇಖನ ಬರೆಯೋಕೆ ಆಗಲ್ಲ. ನನಗೆ ಅದರ ಬಗ್ಗೆ ತಕರಾರಿಲ್ಲ.